ಟೈ ಮಾರುವ ಮೋ, ಅಜ್ಜಿಯ ಗಂಟು

14 ಫೆಬ್ರವರಿ 2025, ಶುಕ್ರವಾರ

ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಲಗುವ ಮುಂಚೆ 'ಪಿಕಪ್ ಆನ್ ಸೌತ್ ಸ್ಟ್ರೀಟ್' ಹಾಕಿಕೊಂಡಿದ್ದೆ. 1953ರ ಕಪ್ಪು-ಬಿಳುಪು ಸಿನಿಮಾ. ಹತ್ತು ವರ್ಷದ ಹಿಂದೆ ಒಮ್ಮೆ ನೋಡಿದ್ದೆ. ಆಗ ಜೇಬುಗಳ್ಳನ ಕಥೆ ಅಂತ ನೋಡಿ ಮರೆತೂ ಬಿಟ್ಟಿದ್ದೆ. ಈ ಸಲ ಅಮ್ಮ ಪಕ್ಕದಲ್ಲಿ ಕೂತಿದ್ದಳು. ಅವಳ ಮುಂದೆ ಮೊರ, ಮೊರದ ತುಂಬ ಅವರೆಕಾಯಿ. ಇನ್ನು ಸೊಗಡಿನ ಕಾಯಿ ಸಿಗಲ್ಲ ಅಂತ ಎರಡು ಕೆಜಿ ತಂದಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಅಲ್ಲಲ್ಲಿ ಕಥೆ ಹೇಳುತ್ತಿದ್ದೆ. ಅವಳು ಕಾಯಿ ಸುಲಿಯುತ್ತಾ ಹೂಂಗುಟ್ಟುತ್ತಿದ್ದಳು.

ಟೈ ಮಾರುವ ಮುದುಕಿ ಮೋ ಸಾಯುವ ದೃಶ್ಯ ಬಂತು. ಅಮ್ಮನ ಕೈ ನಿಂತಿತು. ಗುಂಡಿನ ಸದ್ದಾದ ಮೇಲೆ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮತ್ತೆ ಬರಲಿಲ್ಲ. ನಾನೂ ಅಲ್ಲಿಗೇ ನಿಲ್ಲಿಸಿದೆ.

ಮೋ ಪಾತ್ರ ಮಾಡಿದವರು ಥೆಲ್ಮಾ ರಿಟ್ಟರ್. ಇವತ್ತು ಅವರು ಹುಟ್ಟಿದ ದಿನ. 1902ರ ಫೆಬ್ರವರಿ 14, ನ್ಯೂಯಾರ್ಕಿನ ಬ್ರೂಕ್ಲಿನ್. ಅದೇ ನೆಪದಲ್ಲಿ ಈ ವಾರ ಪೂರ್ತಿ ಅವರ ಸಿನಿಮಾಗಳನ್ನೇ ನೋಡುತ್ತಿದ್ದೇನೆ. ನನ್ನ ಇಷ್ಟದ ನಟಿ ಯಾರು ಅಂತ ಯಾರಾದರೂ ಕೇಳಿದರೆ ಈ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಕೇಳಿದವರಿಗೆ ಬಹಳ ಸಲ ಗೊತ್ತಿರುವುದಿಲ್ಲ. 'ರಿಯರ್ ವಿಂಡೋ'ದಲ್ಲಿ ಕಾಲು ಮುರಿದುಕೊಂಡವನ ಬೆನ್ನು ತಿಕ್ಕುತ್ತಾರಲ್ಲ, ಆ ನರ್ಸ್ ಅಂದರೆ ಮಾತ್ರ "ಓ, ಅವರಾ!" ಅನ್ನುತ್ತಾರೆ.

ನಮ್ಮಲ್ಲಿ ಇಂಥವರಿಗೆ ಪೋಷಕ ನಟಿ ಅಂತೀವಿ. ಈ ಪದ ನನಗೆ ತುಂಬ ಇಷ್ಟ. ಶಾಲೆಯ ಮೀಟಿಂಗಿಗೆ ಕರೆಯುವ ಚೀಟಿಯಲ್ಲೂ 'ಪೋಷಕರೇ' ಅಂತಲೇ ಇರುತ್ತದೆ. ಸಾಕಿ ಸಲಹುವವರು. ಥೆಲ್ಮಾ ಸಿನಿಮಾದಲ್ಲಿ ಮಾಡಿದ್ದೂ ಅದೇ ಕೆಲಸ. ಯಾರಿಗೋ ಬಟ್ಟೆ ತೊಡಿಸುವುದು, ಯಾರಿಗೋ ಅಡುಗೆ ಮಾಡುವುದು, ಕಾಯಿಲೆಯವರನ್ನು ನೋಡಿಕೊಳ್ಳುವುದು.

ಅವರು ಸಿನಿಮಾಕ್ಕೆ ಬಂದದ್ದೇ ತಡವಾಗಿ. ಚಿಕ್ಕ ವಯಸ್ಸಿನಲ್ಲಿ ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ಸ್‌ನಲ್ಲಿ ಕಲಿತಿದ್ದರು. ನಾಟಕ ಕಂಪನಿಗಳಲ್ಲಿ ಓಡಾಡಿದರು. ಹೇಳಿಕೊಳ್ಳುವಂಥ ಹೆಸರು ಬರಲಿಲ್ಲ. ಜೋಸೆಫ್ ಮೋರಾನ್ ಅನ್ನುವವರನ್ನು ಮದುವೆಯಾದರು. ಅವರೂ ನಟರೇ, ಆಮೇಲೆ ಜಾಹೀರಾತು ಕೆಲಸಕ್ಕೆ ಹೋದರು. ಇಬ್ಬರು ಮಕ್ಕಳಾದರು. ಥೆಲ್ಮಾ ನಟನೆ ಬಿಟ್ಟು ಮನೆ ನೋಡಿಕೊಂಡರು. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ರೇಡಿಯೋ ನಾಟಕಗಳಿಗೆ ದನಿ ಕೊಡತೊಡಗಿದರು. ಮೊದಲ ಸಿನಿಮಾ ತೆರೆಗೆ ಬಂದಾಗ ಅವರಿಗೆ 45 ವರ್ಷ. ನಡುವಿನ ಆ ವರ್ಷಗಳು ವ್ಯರ್ಥ ಅಂತ ನನಗೆ ಅನ್ನಿಸುವುದಿಲ್ಲ. ಸಾಮಾನು ತರಲು ಅಂಗಡಿಗೆ ಹೋಗಿ ಬಂದು, ಎರಡು ಮಕ್ಕಳನ್ನು ಸಂಭಾಳಿಸಿದವರ ಮೈಭಾಷೆ ಅವರ ಪ್ರತಿ ಪಾತ್ರದಲ್ಲೂ ಕಾಣುತ್ತದೆ.

ಆ ಮೊದಲ ಸಿನಿಮಾ 1947ರ 'ಮಿರಕಲ್ ಆನ್ ಥರ್ಟಿ ಫೋರ್ತ್ ಸ್ಟ್ರೀಟ್'. ನಿರ್ದೇಶಕ ಜಾರ್ಜ್ ಸೀಟನ್ ಥೆಲ್ಮಾಗೆ ಪರಿಚಯದವರು. ಚಿಕ್ಕ ಪಾತ್ರ, ಪರದೆಯ ಮೇಲೆ ಹೆಸರೂ ಇಲ್ಲ. ಮೇಸೀಸ್ ಅನ್ನುವ ದೊಡ್ಡ ಅಂಗಡಿಯಲ್ಲಿ ಕ್ರಿಸ್ಮಸ್ ತಾತ ಕೂತಿದ್ದಾನೆ. ಹುಡುಗನೊಬ್ಬ ಅವನ ತೊಡೆ ಮೇಲೆ ಕೂತು ಆಟದ ಫೈರ್ ಎಂಜಿನ್ ಬೇಕು ಅಂತಾನೆ. ತಾತ ಆಗಲಿ ಅಂದುಬಿಡುತ್ತಾನೆ. ತಾಯಿಗೆ ರೇಗಿಹೋಗುತ್ತದೆ. ಊರೆಲ್ಲ ಸುತ್ತಿದರೂ ಆ ಆಟಿಕೆ ಸಿಕ್ಕಿಲ್ಲ, ಈತ ಸುಲಭವಾಗಿ ಮಾತು ಕೊಟ್ಟುಬಿಟ್ಟ. ತಾತ ಬೇರೆ ಅಂಗಡಿಯ ವಿಳಾಸ ಹೇಳುತ್ತಾನೆ. ಆಗ ಅವಳ ಮುಖ ನೋಡಬೇಕು. ಮೊದಲು ನಂಬಿಕೆಯೇ ಬರುವುದಿಲ್ಲ. ಆಮೇಲೆ ಆ ಸುಸ್ತಾದ ಮುಖದ ಮೇಲೆ ನಿಧಾನವಾಗಿ ನೆಮ್ಮದಿ ಹರಡುತ್ತದೆ. ಕೈಯಲ್ಲಿ ಸಾಮಾನು, ತಲೆ ಮೇಲೆ ಟೋಪಿ, ಕಾಲು ನೋಯುತ್ತಿರುವುದು ನಿಂತ ರೀತಿಯಲ್ಲೇ ಗೊತ್ತಾಗುತ್ತದೆ. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಸಿಗುವ ಎಷ್ಟೋ ತಾಯಂದಿರು ಹೀಗೇ ಇರುತ್ತಾರೆ. ಸ್ಟುಡಿಯೋ ಮುಖ್ಯಸ್ಥ ಡ್ಯಾರಿಲ್ ಝ್ಯಾನಕ್ ಶೂಟಿಂಗಿನ ತುಣುಕು ನೋಡಿ ಈ ಹೆಂಗಸಿನ ಪಾತ್ರ ಜಾಸ್ತಿ ಮಾಡಿ ಅಂದರಂತೆ.

ಎರಡು ವರ್ಷದ ಮೇಲೆ ಜೋಸೆಫ್ ಮ್ಯಾಂಕೀವಿಜ್ ಅವರ 'ಎ ಲೆಟರ್ ಟು ತ್ರೀ ವೈವ್ಸ್'ನಲ್ಲಿ ಮನೆಗೆಲಸದವಳಾದರು. ಅಲ್ಲೂ ಹೆಸರು ಹಾಕಲಿಲ್ಲ. ಮ್ಯಾಂಕೀವಿಜ್ ಮಾತ್ರ ಮರೆಯಲಿಲ್ಲ. 1950ರ 'ಆಲ್ ಅಬೌಟ್ ಈವ್'ನಲ್ಲಿ ಬರ್ಡಿ ಪಾತ್ರ ಕೊಟ್ಟರು. ಬೆಟ್ಟಿ ಡೇವಿಸ್ ಮಾಡಿದ ದೊಡ್ಡ ನಟಿಗೆ ಬಟ್ಟೆ ತೊಡಿಸುವವಳು ಬರ್ಡಿ. ಈವ್ ಅನ್ನುವ ಹುಡುಗಿ ಬಂದು ತನ್ನ ಕಷ್ಟದ ಕಥೆ ಹೇಳಿ ಎಲ್ಲರ ಮನಸ್ಸು ಕರಗಿಸುತ್ತಾಳೆ. ಓದಿದವರು, ನಾಟಕ ಬರೆಯುವವರು ಎಲ್ಲ ನಂಬುತ್ತಾರೆ. ಈ ಹುಡುಗಿ ಸರಿಯಿಲ್ಲ ಅಂತ ಮೊದಲು ಹಿಡಿಯುವವಳು ಬರ್ಡಿ. ಯಜಮಾನಿಯ ಹಾಸಿಗೆ ಪಕ್ಕ ನಿಂತು, ಅವಳು ನಿನ್ನನ್ನು ಪುಸ್ತಕ ಓದಿದ ಹಾಗೆ ಓದುತ್ತಿದ್ದಾಳೆ ಅಂತ ಎಚ್ಚರಿಸುತ್ತಾಳೆ. ಸಿನಿಮಾದ ಅರ್ಧದ ಮೇಲೆ ಬರ್ಡಿ ಕಾಣುವುದೇ ಇಲ್ಲ. ಅದೊಂದು ನನಗೆ ಆ ಸಿನಿಮಾ ಮೇಲೆ ಇವತ್ತಿಗೂ ಇರುವ ಬೇಜಾರು. ಎಷ್ಟು ಸಲ ನೋಡಿದರೂ ಕೊನೆಯ ಭಾಗದಲ್ಲಿ ಅವಳಿಗಾಗಿ ಕಾಯುತ್ತೇನೆ.

ಆ ಪಾತ್ರಕ್ಕೆ ಮೊದಲ ಆಸ್ಕರ್ ನಾಮನಿರ್ದೇಶನ ಬಂತು. ಅಲ್ಲಿಂದ ಸತತ ನಾಲ್ಕು ವರ್ಷ ನಾಮನಿರ್ದೇಶನ. 'ದಿ ಮೇಟಿಂಗ್ ಸೀಸನ್', 'ವಿತ್ ಎ ಸಾಂಗ್ ಇನ್ ಮೈ ಹಾರ್ಟ್', ಆಮೇಲೆ ನಿನ್ನೆ ನೋಡಿದ 'ಪಿಕಪ್'. ಮುಂದೆ 1959ರ 'ಪಿಲ್ಲೋ ಟಾಕ್', 1962ರ 'ಬರ್ಡ್‌ಮ್ಯಾನ್ ಆಫ್ ಅಲ್ಕಟ್ರಾಜ್'. ಒಟ್ಟು ಆರು. ಒಂದೂ ಕೈಗೆ ಬರಲಿಲ್ಲ. 1955ರಲ್ಲಿ ಅದೇ ಆಸ್ಕರ್ ಸಮಾರಂಭದ ನ್ಯೂಯಾರ್ಕ್ ಕಡೆಯ ನಿರೂಪಣೆ ಮಾತ್ರ ಅವರೇ ಮಾಡಿದರು. ಹಾಲಿವುಡ್ ಕಡೆ ಬಾಬ್ ಹೋಪ್, ಈ ಕಡೆ ಥೆಲ್ಮಾ. ರಂಗಭೂಮಿ ಅವರನ್ನು ಕೈಬಿಡಲಿಲ್ಲ. 1958ರಲ್ಲಿ 'ನ್ಯೂ ಗರ್ಲ್ ಇನ್ ಟೌನ್' ಸಂಗೀತ ನಾಟಕಕ್ಕೆ ಟೋನಿ ಪ್ರಶಸ್ತಿ ಬಂತು, ಅದೇ ನಾಟಕದ ಗ್ವೆನ್ ವರ್ಡನ್ ಜೊತೆ ಸಮಸಮವಾಗಿ.

ಸೋಮವಾರ ನೋಡಿದ್ದು 'ದಿ ಮೇಟಿಂಗ್ ಸೀಸನ್'. ಹ್ಯಾಂಬರ್ಗರ್ ಅಂಗಡಿ ನಡೆಸುತ್ತಿದ್ದ ತಾಯಿ, ಅಂಗಡಿ ಕೈತಪ್ಪಿದ ಮೇಲೆ ಮಗನಿರುವ ಊರಿಗೆ ಬರುತ್ತಾಳೆ. ಮಗನಿಗೆ ಶ್ರೀಮಂತರ ಮನೆ ಹುಡುಗಿಯ ಜೊತೆ ಈಗ ತಾನೇ ಮದುವೆಯಾಗಿದೆ. ಸೊಸೆ ಇವಳನ್ನು ಅಡುಗೆಯವಳು ಅಂದುಕೊಳ್ಳುತ್ತಾಳೆ. ಅತ್ತೆ ಸರಿ ಅಂತ ಏಪ್ರನ್ ಕಟ್ಟಿಕೊಂಡು ಅಲ್ಲೇ ಅಡುಗೆಗೆ ನಿಲ್ಲುತ್ತಾಳೆ. ಅಮ್ಮ ಇದನ್ನು ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಾ ನೋಡಿದಳು. ಒಂದು ಕಡೆ ಮಾತ್ರ "ಪಾಪ, ಮಗನಾದರೂ ಹೇಳಬಾರದಿತ್ತಾ" ಅಂದಳು. ಇಡೀ ಕಥೆ ನಡೆಸುವುದು ಥೆಲ್ಮಾ. ಆದರೂ ನಾಮನಿರ್ದೇಶನ ಪೋಷಕ ನಟಿಯ ಪಟ್ಟಿಯಲ್ಲೇ.

ಈಗ ಮೋ ವಿಷಯ. ನಿನ್ನೆಯಿಂದ ತಲೆಯಲ್ಲಿ ಕೂತಿರುವುದು ಅವಳೇ.

ಸಿನಿಮಾ ಸ್ಯಾಮ್ಯುಯೆಲ್ ಫುಲ್ಲರ್ ಅವರದು. ರಿಚರ್ಡ್ ವಿಡ್‌ಮಾರ್ಕ್ ಮಾಡಿದ ಸ್ಕಿಪ್ ಅನ್ನುವ ಜೇಬುಗಳ್ಳ ರೈಲಿನಲ್ಲಿ ಒಬ್ಬಳ ಪರ್ಸ್ ಎಗರಿಸುತ್ತಾನೆ. ಅದರಲ್ಲಿ ಸರ್ಕಾರಿ ರಹಸ್ಯದ ಮೈಕ್ರೋಫಿಲ್ಮ್ ಇರುತ್ತದೆ. ಪೊಲೀಸರೂ ಹುಡುಕುತ್ತಾರೆ, ಕಮ್ಯುನಿಸ್ಟ್ ಗೂಢಚಾರರೂ ಹುಡುಕುತ್ತಾರೆ. ಕಳ್ಳ ಯಾರು ಅಂತ ಪತ್ತೆಹಚ್ಚುವುದಕ್ಕೆ ಪೊಲೀಸರು ಮೋಳನ್ನು ಕರೆಸುತ್ತಾರೆ. ಮೋ ಬೀದಿಯಲ್ಲಿ ಟೈ ಮಾರುವವಳು. ಜೊತೆಗೆ ಕಳ್ಳರ ಸುಳಿವು ಮಾರುವವಳು. ಹೇಗೆ ಕೈ ಹಾಕಿದ, ಹೇಗೆ ನಿಂತಿದ್ದ ಅಂತ ಕೇಳಿಯೇ ಇಂಥವನೇ ಅಂತ ಹೇಳಬಲ್ಲಳು. ಸ್ಟೇಷನ್ನಿನಲ್ಲಿ ಕೂತು ಅಧಿಕಾರಿಯ ಜೊತೆ ಚೌಕಾಸಿ ಮಾಡುತ್ತಾಳೆ. ಎಲ್ಲದರ ಬೆಲೆ ಏರಿದೆ, ನನ್ನ ರೇಟೂ ಏರಿಸಬೇಕಲ್ವಾ ಅನ್ನುವ ಧಾಟಿ. ತರಕಾರಿ ಗಾಡಿ ಮುಂದೆ ನಿಂತ ಹಾಗಿದೆ ಆ ದೃಶ್ಯ.

ಆ ದುಡ್ಡೆಲ್ಲ ಯಾಕೆ? ತನ್ನ ಸಮಾಧಿಗೆ. ಒಂದು ತುಂಡು ನೆಲ, ಒಂದು ಹೆಸರಿನ ಕಲ್ಲು. ದಿಕ್ಕಿಲ್ಲದವರನ್ನು ಹೂಳುವ ಸರ್ಕಾರಿ ಜಾಗಕ್ಕೆ ತನ್ನ ಹೆಣ ಹೋಗಬಾರದು. ಅದಕ್ಕೆ ಪೈಸೆ ಪೈಸೆ ಕೂಡಿಸುತ್ತಾಳೆ. ಸ್ಕಿಪ್‌ನ ವಿಳಾಸವನ್ನೂ ಹಾಗೇ ಮಾರುತ್ತಾಳೆ. ಗೊತ್ತಾದ ಮೇಲೂ ಸ್ಕಿಪ್ ಅವಳ ಮೇಲೆ ಸಿಟ್ಟಾಗುವುದಿಲ್ಲ. ಅವಳಿಗೂ ಹೊಟ್ಟೆ ಇದೆಯಲ್ಲ ಅನ್ನುತ್ತಾನೆ.

ಕೊನೆಗೆ ಒಂದು ರಾತ್ರಿ ಮೋ ಟೈಗಳ ಪೆಟ್ಟಿಗೆ ಹೊತ್ತು ಮನೆಗೆ ಬರುತ್ತಾಳೆ. ದಿನವೆಲ್ಲ ನಡೆದು ಸೋತಿದ್ದಾಳೆ. ಗ್ರಾಮಫೋನಿಗೆ ರೆಕಾರ್ಡ್ ಹಾಕಿ ಹಾಸಿಗೆಗೆ ಬೀಳುತ್ತಾಳೆ. ಗೂಢಚಾರರ ಕಡೆಯವನು ಕೋಣೆಯಲ್ಲೇ ಇರುತ್ತಾನೆ. ಸ್ಕಿಪ್ ಎಲ್ಲಿದ್ದಾನೆ ಹೇಳು ಅನ್ನುತ್ತಾನೆ. ಜೀವನವಿಡೀ ಸುಳಿವು ಮಾರಿದವಳು ಇವನಿಗೆ ಮಾತ್ರ ಮಾರುವುದಿಲ್ಲ. ಇಲ್ಲಿ ಥೆಲ್ಮಾ ಕೂಗುವುದಿಲ್ಲ, ಅಳುವುದೂ ಇಲ್ಲ. ಮೈಯೆಲ್ಲ ನೋವು, ಸಾಕಾಗಿದೆ ಅಂತ ಮೆಲ್ಲಗೆ ಹೇಳುತ್ತಾ ಹೋಗುತ್ತಾರೆ. ಕೆಲಸ ಮುಗಿಸಿ ಬಂದ ನಮ್ಮ ಮನೆಯ ಹೆಂಗಸರು ಮಂಚದ ತುದಿಯಲ್ಲಿ ಕೂತು ಹೇಳುವ ಹಾಗೆಯೇ. ನೀನು ಮುಗಿಸಿಬಿಟ್ಟರೆ ಉಪಕಾರವೇ ಆಯಿತು ಅನ್ನುವಷ್ಟು ದಣಿವು. ಕ್ಯಾಮೆರಾ ಗ್ರಾಮಫೋನಿನ ಕಡೆ ಸರಿಯುತ್ತದೆ. ಹಾಡು ಮುಗಿಯುತ್ತದೆ. ಗುಂಡಿನ ಸದ್ದು.

ಅಮ್ಮ ಎದ್ದು ಹೋದದ್ದು ಯಾಕೆ ಅಂತ ನನಗೆ ಗೊತ್ತು. ಅವಳ ತಾಯಿ, ನನ್ನಜ್ಜಿ, ಹೂ ಕಟ್ಟಿ ಮಾರುತ್ತಿದ್ದಳು. ದಿನಾ ಸಂಜೆ ಬುಟ್ಟಿ ಇಳಿಸಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅವಳು ಹೋದ ದಿನ ಅಕ್ಕಿ ಡಬ್ಬದ ತಳದಲ್ಲಿ ಒಂದು ಗಂಟು ಸಿಕ್ಕಿತು. ಹಳೇ ಸೀರೆಯ ತುಂಡು, ಹೂ ಕಟ್ಟುವ ದಾರದಲ್ಲೇ ಬಿಗಿದದ್ದು. ಹತ್ತರ, ಇಪ್ಪತ್ತರ ನೋಟುಗಳು. ನನ್ನ ಮಣ್ಣಿನ ಖರ್ಚು ಯಾರ ಮೇಲೂ ಬೀಳಬಾರದು ಅಂತ ಬದುಕಿದ್ದಾಗಲೇ ಅಮ್ಮನಿಗೆ ಹೇಳಿದ್ದಳಂತೆ. ಎಲ್ಲಿಟ್ಟಿದ್ದೇನೆ ಅಂತ ಮಾತ್ರ ಹೇಳಿರಲಿಲ್ಲ. ನೋಟುಗಳಿಗೆ ಮಲ್ಲಿಗೆ ವಾಸನೆ ಇತ್ತು ಅಂತ ಅಮ್ಮ ಈಗಲೂ ಹೇಳುತ್ತಾಳೆ.

ಮೋ ಅಂಥ ಪಾತ್ರಕ್ಕೆ ಪ್ರಶಸ್ತಿ ಬರದಿದ್ದದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆ ವರ್ಷ ಡೋನಾ ರೀಡ್‌ಗೆ ಸಿಕ್ಕಿತು. ಅವರೂ ಒಳ್ಳೆಯ ನಟಿ. ಆದರೆ ಹಾಸಿಗೆಯ ಮೇಲಿನ ಆ ಕೆಲವು ನಿಮಿಷ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ.

ಥೆಲ್ಮಾ ತೀರಿಕೊಂಡದ್ದು 1969ರ ಫೆಬ್ರವರಿ 5ಕ್ಕೆ, ನ್ಯೂಯಾರ್ಕಿನಲ್ಲೇ, ಹೃದಯಾಘಾತದಿಂದ. ಒಂಬತ್ತು ದಿನ ಕಳೆದಿದ್ದರೆ 67 ತುಂಬುತ್ತಿತ್ತು.

ಇವತ್ತು ರಾತ್ರಿ ಊಟಕ್ಕೆ ಹಿತಕಿದ ಬೇಳೆ ಸಾರು. ಬಡಿಸುತ್ತಾ ಅಮ್ಮ ಇದ್ದಕ್ಕಿದ್ದ ಹಾಗೆ ಕೇಳಿದಳು, "ಆಯಮ್ಮನಿಗೆ ಮಣ್ಣು ಸಿಕ್ತಾ?"

ಯಾರ ಬಗ್ಗೆ ಅಂತ ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. "ಸಿಕ್ತಮ್ಮ. ಆ ಹುಡುಗ ಹೋಗಿ ಬಿಡಿಸಿಕೊಂಡು ಬರ್ತಾನೆ."

"ಯಾರು, ಆ ಜೇಬುಗಳ್ಳನಾ?"

"ಹೂಂ, ಅವನೇ."

ಅಮ್ಮ ಏನೂ ಹೇಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದು, "ಉಳಿದದ್ದು ಹಾಕು" ಅಂದಳು.

ಹಾಕಿದೆ. ದಿಕ್ಕಿಲ್ಲದವರ ಪೆಟ್ಟಿಗೆಗಳನ್ನು ಸಾಗಿಸುವ ದೋಣಿ. ಸ್ಕಿಪ್ ಬಂದು ಮೋಳ ಪೆಟ್ಟಿಗೆ ಕೇಳುತ್ತಾನೆ. ಏನು ಮಾಡುತ್ತೀಯ ಅಂದರೆ ಹೂಳುತ್ತೇನೆ ಅನ್ನುತ್ತಾನೆ. ಅಷ್ಟೇ ಚಿಕ್ಕ ದೃಶ್ಯ. ಅಮ್ಮ ಮುಂದಕ್ಕೆ ಬಾಗಿ ಕೂತು ನೋಡಿದಳು. ಪೆಟ್ಟಿಗೆ ದೋಣಿಯಿಂದ ಆಚೆ ಬಂದ ಮೇಲೆ ಹಿಂದಕ್ಕೆ ಒರಗಿದಳು. "ಇನ್ನು ಆರಿಸು, ನಿದ್ದೆ ಬರ್ತಿದೆ" ಅಂದಳು.