ಹೆಸರು ಕರೆದಾಗ

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಹೆಡ್‌ಮಾಸ್ಟ್ರು ಫೋನು ಮಾಡಿದಾಗ ನನಗೆ ಮೊದಲು ನೆನಪಾದದ್ದು ಹಾಜರಿ ಪುಸ್ತಕ. ಉದ್ದನೆಯ, ನೀಲಿ ರಟ್ಟಿನ ಪುಸ್ತಕ. ಬೆಳಗ್ಗೆ ಟೀಚರ್ ಅದನ್ನು ತೆರೆದರೆ ಸಾಕು, ನನ್ನ ಅಂಗೈ ಬೆವರುತ್ತಿತ್ತು. ನನ್ನ ನಂಬರು ಹದಿನಾಲ್ಕು. ಹತ್ತು ಬಂತು, ಹನ್ನೊಂದು ಬಂತು ಎಂದು ಒಳಗೊಳಗೇ ಎಣಿಸುತ್ತಿದ್ದೆ. ನನ್ನ ಹೆಸರು ಕರೆದಾಗ ಹೇಳಬೇಕಾದದ್ದು ಒಂದೇ ಶಬ್ದ, ‘ಪ್ರೆಸೆಂಟ್’. ತುಟಿ ಮುಚ್ಚಿಕೊಳ್ಳುತ್ತಿತ್ತು, ತೆರೆಯುತ್ತಿರಲಿಲ್ಲ. ಕೆಲವು ದಿನ ಸುಮ್ಮನೆ ಕೈ ಎತ್ತಿಬಿಡುತ್ತಿದ್ದೆ. ಕೆಲವು ದಿನ ಪಕ್ಕದ ಗೆಳತಿ ನನ್ನ ಪರವಾಗಿ ಹೇಳುತ್ತಿದ್ದಳು.

ನಾನು ಉಗ್ಗುತ್ತಿದ್ದೆ. ಈಗಲೂ ಸ್ವಲ್ಪ ಉಗ್ಗುತ್ತೇನೆ.

1992ರಿಂದ 1995ರವರೆಗೆ, ಎಂಟರಿಂದ ಹತ್ತನೇ ಕ್ಲಾಸಿನವರೆಗೆ, ನಾನು ಈ ಶಾಲೆಯಲ್ಲಿ ಕಲಿತೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆ ಹೋಗುವ ಬಸ್ಸಿನಲ್ಲಿ ಬರುತ್ತಿದ್ದೆ. ಅಮ್ಮ ಬೀಡಿ ಕಟ್ಟುತ್ತಿದ್ದರು, ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಆಫೀಸಿನಲ್ಲಿ ಮಲಯಾಳ. ಅಜ್ಜ ಹುಟ್ಟಿದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಅದೇ ಮನೆ, ಅದೇ ಬಾವಿ, 1956ರ ನವೆಂಬರ್ 1ರಿಂದ ಕೇರಳದವರಾದರು. ನಮ್ಮ ಕಡೆಯ ಮಕ್ಕಳಿಗೆ ನಾಲ್ಕು ಭಾಷೆ ಅಂದರೆ ದೊಡ್ಡ ವಿಷಯವೇ ಅಲ್ಲ. ನನಗೆ ಮಾತ್ರ ಅದು ನಾಲ್ಕು ಪಟ್ಟು ಕಷ್ಟ. ನಾಲ್ಕರಲ್ಲೂ ಉಗ್ಗುತ್ತಿದ್ದೆನಲ್ಲ.

ಉಗ್ಗದೇ ಇದ್ದ ಒಂದೇ ಜಾಗ ಎಂದರೆ ಇಗರ್ಜಿ, ಅಂದರೆ ಚರ್ಚು. ನಮ್ಮದು ಬೇಳದ ಶೋಕಮಾತೆಯ ಇಗರ್ಜಿ, 1890ರಲ್ಲಿ ಶುರುವಾದದ್ದು. ಮರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನಾವು ಮಕ್ಕಳು ತಟ್ಟೆಯಲ್ಲಿ ಹೂ ಹಿಡಿದು ಸಾಲಾಗಿ ಹೋಗಿ, ಹಾಡುತ್ತಾ ಮರಿಯಮ್ಮನಿಗೆ ಹೂ ಎರಚುತ್ತಿದ್ದೆವು. ದಾಸವಾಳ, ಗೋರಂಟೆ, ಗದ್ದೆ ಬದಿಯ ಕಾಡುಹೂ, ಸಿಕ್ಕಿದ್ದೆಲ್ಲ. ಆ ಹಾಡಿನಲ್ಲಿ ನನ್ನ ನಾಲಗೆ ಒಮ್ಮೆಯೂ ತಡೆಯುತ್ತಿರಲಿಲ್ಲ. ಆ ಒಂಬತ್ತು ದಿನವೂ ನನ್ನದು ಒಂದೇ ಬೇಡಿಕೆ, ಈ ಉಗ್ಗು ಹೋಗಲಿ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಗೆ ತಂದು, ಅದರ ಅಕ್ಕಿಯನ್ನು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದೆವು. ಮಾರನೇ ದಿನ ಶಾಲೆ. ನಂಬರು ಹದಿನಾಲ್ಕು. ತುಟಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ದೇವರು ಕೇಳಿಸಿಕೊಳ್ಳಲಿಲ್ಲ ಎಂದೇ ನಾನು ಬಹಳ ವರ್ಷ ಅಂದುಕೊಂಡಿದ್ದೆ.

ಎಂಟನೇ ಕ್ಲಾಸಿನಲ್ಲಿ ನಮಗೆ ಕನ್ನಡ ಹೇಳಿಕೊಟ್ಟ ಮಾಸ್ಟ್ರ ಬಗ್ಗೆ ಬರೆಯದೆ ಈ ನೆನಪು ಮುಂದೆ ಹೋಗುವುದಿಲ್ಲ. ಅವರ ಕ್ಲಾಸಿನಲ್ಲಿ ಕಲಿತ ಎಲ್ಲರಿಗೂ ಅವರ ಧ್ವನಿ ನೆನಪಿರುತ್ತದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಬಡಿಯುವಾಗಲೂ ಕೊನೆಯ ಬೆಂಚಿಗೆ ಕೇಳಿಸುತ್ತಿತ್ತು. ರಜೆ ಬಂದರೆ ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನಕ್ಕೆ, ಅರ್ಥ ಹೇಳಲು ಹೋಗುತ್ತಿದ್ದರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ನಾವು, ಮಾತಿಗೆ ಬಡತನ ಇರಬಾರದು ಎಂದು ಕ್ಲಾಸಿನಲ್ಲಿ ಹೇಳುತ್ತಿದ್ದರು. ಆ ಮಾತು ಕೇಳಿದಾಗ ನಾನು ತಲೆ ತಗ್ಗಿಸುತ್ತಿದ್ದೆ.

ಒಂದು ದಿನ ಪಾಠ ಓದುವ ಸರದಿ ನನಗೆ ಬಂತು. ಬೇರೆ ಟೀಚರುಗಳು ನನ್ನನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಿದ್ದರು, ಆದರೆ ಅದು ಜಾಸ್ತಿ ನೋಯುತ್ತಿತ್ತು. ಇವರು ಬಿಡಲಿಲ್ಲ. ನಾನು ನಿಂತೆ. ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಂಡೆ. ಹಿಂದಿನಿಂದ ಯಾರೋ ನಕ್ಕರು. ಮಾಸ್ಟ್ರು ನಕ್ಕವನನ್ನು ಬೈಯಲಿಲ್ಲ, ನನಗೆ ಕುಳಿತುಕೋ ಎಂದೂ ಹೇಳಲಿಲ್ಲ. ಕಾದರು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನಾನು ಒಂದು ವಾಕ್ಯ ಮುಗಿಸಿ ಕುಳಿತೆ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಲೈಬ್ರರಿ ಕೋಣೆಗೆ ಬಾ ಎಂದರು.

ಲೈಬ್ರರಿ ಎಂದರೆ ಎರಡು ಕಪಾಟು, ಒಂದು ಬೆಂಚು, ಗೇರುಮರ ಕಾಣುವ ಒಂದು ಕಿಟಕಿ. ಪಾಠಪುಸ್ತಕದಲ್ಲಿದ್ದ ಒಂದು ಭಾಮಿನಿ ಷಟ್ಪದಿಯನ್ನು ಅವರು ಒಂದು ಸಾಲು ಹಾಡಿದರು. “ನೀನು ಹೇಳು ಮಗೂ” ಎಂದರು. ನಾನು ಹಾಡಿದೆ. ತಡೆಯಲಿಲ್ಲ. ಇನ್ನೊಂದು ಸಾಲು. ತಡೆಯಲಿಲ್ಲ. ಆರು ಸಾಲೂ ಮುಗಿಯಿತು. ಅವರು ಭೇಷ್ ಎನ್ನಲಿಲ್ಲ. “ನಾಳೆಯೂ ಬಾ” ಎಂದರು ಅಷ್ಟೆ.

ಎರಡು ವರ್ಷ ಹೋದೆ. ಅವರು ನಿಧಾನವಾಗಿ ರಾಗವನ್ನು ಕಡಿಮೆ ಮಾಡುತ್ತಾ ಬಂದರು. ಮೊದಲು ಪೂರ್ತಿ ಹಾಡು. ಆಮೇಲೆ ಬರೀ ತಾಳ, ಬೆರಳಿನಲ್ಲಿ. ಆಮೇಲೆ ಮೊದಲ ಅಕ್ಷರವನ್ನು ಮಾತ್ರ ಮೆಲ್ಲಗೆ ಎಳೆದು ಶುರುಮಾಡುವುದು. ಗದ್ಯವನ್ನೂ ಹಾಗೆಯೇ ಓದಿಸಿದರು. ಇದಕ್ಕೆಲ್ಲ ಒಂದು ಶಾಸ್ತ್ರ ಇದೆ, ಹೆಸರುಗಳಿವೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅವರಿಗೆ ಯಾರೂ ಕಲಿಸಿರಲಿಲ್ಲ. ತಾಳಮದ್ದಳೆಯ ಕಿವಿ ಅವರದು, ಅದರಿಂದಲೇ ಕಂಡುಕೊಂಡಿದ್ದರು.

ಹತ್ತನೇ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಅವರು ನನಗೆ ಆರಿಸಿಕೊಟ್ಟದ್ದು ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದ ಸಾಲುಗಳು. 1949ರಲ್ಲಿ ಮದ್ರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಪೈಗಳು ಯೇಸುವಿನ ಶಿಲುಬೆಯ ಮರಣದ ಬಗ್ಗೆ ಕನ್ನಡದಲ್ಲಿ ಕಾವ್ಯ ಬರೆದಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. “ನಿನ್ನ ದೇವರ ವಿಷಯ, ನಮ್ಮ ಊರ ಕವಿಯ ಮಾತು. ನೀನೇ ಹೇಳಬೇಕು” ಎಂದರು ಮಾಸ್ಟ್ರು. ಜನಿವಾರ ಹಾಕಿದ ಆ ಮನುಷ್ಯ, ಕ್ರಿಸ್ತನ ನೋವನ್ನು ಹೇಗೆ ಉಚ್ಚರಿಸಬೇಕು ಎಂದು ಕ್ರೈಸ್ತ ಹುಡುಗಿಗೆ ಹೇಳಿಕೊಟ್ಟರು. ಒಂದೊಂದು ಶಬ್ದಕ್ಕೂ ಅಷ್ಟು ಮರ್ಯಾದೆ ಕೊಟ್ಟು ಹೇಳಿಕೊಟ್ಟರು. ಅವತ್ತು ಸ್ಟೇಜಿನ ಮೇಲೆ ಎರಡು ಕಡೆ ತಡೆಯಿತು. ಅವರು ಮುಂದಿನ ಸಾಲಿನಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಪೂರ್ತಿ ಹೇಳಿ ಇಳಿದೆ. ಅಮ್ಮ ಹಿಂದೆ, ಬಾಗಿಲ ಹತ್ತಿರ ನಿಂತು ಅಳುತ್ತಿದ್ದರು.

ನಮ್ಮ ಕಡೆ ‘ಕರೆ ಬಂದಿದೆ’ ಎಂದರೆ ಒಂದೇ ಅರ್ಥ. ಹುಡುಗ ಪಾದ್ರಿಯಾಗುತ್ತಾನೆ, ಹುಡುಗಿ ಕಾನ್ವೆಂಟಿಗೆ ಹೋಗುತ್ತಾಳೆ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ನಾನೂ ಒಂದು ಕಾನ್ವೆಂಟಿನ ಮೂರು ದಿನದ ಶಿಬಿರಕ್ಕೆ ಹೋದೆ. ನನಗೆ ಕರೆ ಇದೆ ಎಂದು ನಂಬಿದ್ದೆ. ಕೊನೆಯ ದಿನ ವಯಸ್ಸಾದ ಸಿಸ್ಟರ್ ಒಬ್ಬರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದರು, “ನೀನು ದೇವರಿಗೋಸ್ಕರ ಬರ್ತಾ ಇದ್ದೀಯಾ ಮಗಾ, ಇಲ್ಲಾ ಇಲ್ಲಿ ಜಾಸ್ತಿ ಮಾತಾಡಬೇಕಾಗಿಲ್ಲ ಅಂತ ಬರ್ತಾ ಇದ್ದೀಯಾ?”

ನನಗೆ ಉತ್ತರ ಕೊಡಲಾಗಲಿಲ್ಲ. ಅವರು ಬೈಯಲಿಲ್ಲ. ಕರೆ ಸನ್ಯಾಸಿಗಳಿಗೆ ಮಾತ್ರ ಅಲ್ಲ, ಮನೆ ಸಂಸಾರದಲ್ಲಿ, ಕೆಲಸದಲ್ಲಿ ಇರುವವರಿಗೂ ಇದೆ ಎಂದು ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1960ರ ದಶಕದಲ್ಲೇ ಸ್ಪಷ್ಟವಾಗಿ ಹೇಳಿದೆ ಎಂದು ವಿವರಿಸಿದರು. ಆಮೇಲೆ ಬೈಬಲಿನ ವಿಮೋಚನಕಾಂಡದ ನಾಲ್ಕನೇ ಅಧ್ಯಾಯ ಓದು ಎಂದರು. ಅಲ್ಲೇ ಮರದ ಕೆಳಗೆ ಕುಳಿತು ಓದಿದೆ. ಮೋಶೆಯನ್ನು ದೇವರು ಈಜಿಪ್ಟಿನ ರಾಜ ಫರೋಹನ ಹತ್ತಿರ ಕಳಿಸುತ್ತಾರೆ. ನನ್ನ ಮಾತು ನಿಧಾನ, ನಾಲಗೆ ಮಂದ, ನನ್ನಿಂದಾಗದು ಎಂದು ಮೋಶೆ ಹೇಳುತ್ತಾನೆ. ಮನುಷ್ಯನಿಗೆ ಬಾಯಿ ಕೊಟ್ಟವನು ಯಾರು ಎಂದು ದೇವರು ಕೇಳುತ್ತಾರೆ. ಕ್ಯಾಟಕಿಸಂ ಕ್ಲಾಸಿನಲ್ಲಿ ಎಷ್ಟೋ ಸಲ ಕೇಳಿದ ಕತೆ. ಒಂದು ವಿಷಯ ಮಾತ್ರ ಅವತ್ತು ಮೊದಲ ಬಾರಿ ಕಣ್ಣಿಗೆ ಬಿತ್ತು. ಮೋಶೆಯ ನಾಲಗೆಯನ್ನು ದೇವರು ಸರಿಮಾಡಿದರು ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಕೈಯಲ್ಲಿದ್ದ ಕೋಲು ಹಿಡಿದುಕೊಂಡು ಹೋಗು ಎಂದರು. ಅದೇ ನಾಲಗೆಯಲ್ಲಿ ಕಳಿಸಿದರು.

ಕಾನ್ವೆಂಟಿಗೆ ಸೇರಲಿಲ್ಲ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಪ್ರೀಡಿಗ್ರಿ ಮಾಡಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮಾತು ಮತ್ತು ಕಿವಿಗೆ ಸಂಬಂಧಿಸಿದ ಅಖಿಲ ಭಾರತ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಅದರ ಅರ್ಜಿ ತಂದುಕೊಟ್ಟದ್ದೂ ಇದೇ ಮಾಸ್ಟ್ರು. ಸುಳ್ಯ, ಮಡಿಕೇರಿ ದಾಟಿ ಹೋಗುವ ಬಸ್ಸಿನಲ್ಲಿ ಮೊದಲ ಸಲ ಘಟ್ಟ ಹತ್ತಿದೆ.

ಅಲ್ಲಿ ಕಲಿತ ಮೊದಲ ತಿಂಗಳುಗಳು ನನ್ನ ಬದುಕಿನ ದೊಡ್ಡ ಬಿಡುಗಡೆ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ಒಳಗೆ ಶುರುವಾಗುತ್ತದೆ. ಗಂಡುಮಕ್ಕಳಲ್ಲಿ ಜಾಸ್ತಿ. ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ, ದೊಡ್ಡವರಲ್ಲಿ ಸುಮಾರು ನೂರರಲ್ಲಿ ಒಬ್ಬರಿಗೆ ಉಳಿಯುತ್ತದೆ. ಹೆದರಿಕೆಯಿಂದ ಬರುವುದಲ್ಲ, ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ, ತಾಯಿ ತಂದೆಯ ತಪ್ಪಲ್ಲ. ಹಾಡುವಾಗ, ಹತ್ತು ಜನರ ಜೊತೆ ಒಟ್ಟಿಗೆ ಹೇಳುವಾಗ ಹೆಚ್ಚಿನವರಿಗೆ ತಡೆಯುವುದೇ ಇಲ್ಲ. ಇದನ್ನು ಕ್ಲಾಸಿನಲ್ಲಿ ಕೇಳಿದಾಗ ಮೊಂತಿ ಹಬ್ಬದ ಹೂವಿನ ತಟ್ಟೆಯೂ ಲೈಬ್ರರಿಯ ಬೆಂಚೂ ಒಟ್ಟಿಗೆ ನೆನಪಾದವು. ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ.

ಅದರ ನಂತರದ ವರ್ಷಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ. ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಮನೆ ಕಟ್ಟಿದೆವು, ತಮ್ಮನನ್ನು ಓದಿಸಿದೆ. ಅದೂ ದೇವರು ಕೊಟ್ಟ ಕೆಲಸವೇ. ಗಲ್ಫಿಗೆ ಹೋಗುವವರನ್ನು ಹಣಕ್ಕೆ ಬಿದ್ದವರು ಎಂದು ಹಗುರವಾಗಿ ಹೇಳುವವರನ್ನು ನಾನು ಒಪ್ಪುವುದಿಲ್ಲ.

2011ರಲ್ಲಿ ರಜೆಗೆ ಬಂದಿದ್ದೆ. ಆ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆದಿತ್ತು. ಎಣ್ಮಕಜೆಯ ಕಡೆಯ ಗುಡ್ಡಗಳ ಗೇರು ತೋಟಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ವಿಷ ಅದು. ನಾವು ಮಕ್ಕಳಾಗಿದ್ದಾಗ ಹೆಲಿಕಾಪ್ಟರ್ ನೋಡಲು ಓಡಿಹೋಗುತ್ತಿದ್ದೆವು. ಗೆಳತಿಯೊಬ್ಬಳು ಅಲ್ಲಿಯ ಬಡ್ಸ್ ಶಾಲೆಯಲ್ಲಿ, ಅಂದರೆ ಬೆಳವಣಿಗೆಯ ತೊಂದರೆ ಇರುವ ಮಕ್ಕಳ ವಿಶೇಷ ಶಾಲೆಯಲ್ಲಿ, ಟೀಚರ್. ಬಂದು ನೋಡು ಎಂದು ಕರೆದುಕೊಂಡು ಹೋದಳು.

ಅಲ್ಲಿ ಆರು ವರ್ಷದ ಒಬ್ಬ ಹುಡುಗ ಇದ್ದ. ಮಾತು ಬಂದಿರಲಿಲ್ಲ. ಅವನ ಎದುರು ಚಿತ್ರದ ಕಾರ್ಡು ಹಿಡಿದು ‘ವೆಳ್ಳಂ, ವೆಳ್ಳಂ’, ಅಂದರೆ ನೀರು, ಎಂದು ಹೇಳಿಕೊಡುತ್ತಿದ್ದರು. ಕಾರ್ಡು ಮಲಯಾಳದ್ದು, ಕಲಿಸುವವರೂ ಪಾಪ ಅದನ್ನೇ ಕಲಿತವರು. ಮೂಲೆಯಲ್ಲಿ ಅವನ ತಾಯಿ ಕುಳಿತಿದ್ದರು. ನಾನು ತುಳುವಿನಲ್ಲಿ ಮಾತಾಡಿಸಿದೆ. ಮನೆಯಲ್ಲಿ ಯಾವ ಭಾಷೆ ಅಕ್ಕಾ ಎಂದು ಕೇಳಿದೆ. ತುಳು ಎಂದರು. ಆದರೆ ಮಗುವಿನ ಹತ್ತಿರ ತುಳು ಮಾತಾಡಬೇಡಿ, ಗೊಂದಲ ಆಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಹಾಗಾಗಿ ಎರಡು ವರ್ಷದಿಂದ ಆ ತಾಯಿ ಮಗನ ಹತ್ತಿರ ಹೆಚ್ಚುಕಡಿಮೆ ಮಾತೇ ಆಡಿರಲಿಲ್ಲ. ಅವರಿಗೆ ಬೇರೆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ.

ನನಗೆ ಎದೆ ಹಿಂಡಿದ ಹಾಗಾಯಿತು. ಮನೆಮಾತಿನಿಂದ ಯಾವ ಮಗುವಿಗೂ ತೊಂದರೆ ಆಗುವುದಿಲ್ಲ. ಮೊದಲ ಮಾತು ಹುಟ್ಟುವುದೇ ಅದರಲ್ಲಿ. ಒಂದು ಲೋಟ ನೀರು ತರಿಸಿ ತಾಯಿಯ ಕೈಗೆ ಕೊಟ್ಟೆ. ನಿಮ್ಮ ಮಾತಿನಲ್ಲೇ ಹೇಳಿ, ಹೇಳಿ ಸ್ವಲ್ಪ ಕಾಯಿರಿ ಎಂದೆ. ಅವರು ‘ನೀರ್’ ಎಂದರು. ಕಾದರು. ಮತ್ತೆ ‘ನೀರ್’ ಎಂದರು. ಹುಡುಗ ತಾಯಿಯ ಬಾಯಿಯನ್ನೇ ನೋಡುತ್ತಿದ್ದ. ಅವತ್ತು ಅವನು ಏನೂ ಹೇಳಲಿಲ್ಲ. ಹನ್ನೊಂದನೇ ದಿನ ‘ನೀ’ ಎಂದ.

ರಜೆ ಮುಗಿದು ವಾಪಸ್ ಹೋದ ಮೇಲೂ ಆ ‘ನೀ’ ನನ್ನನ್ನು ಬಿಡಲಿಲ್ಲ. ನಿನ್ನ ಕೈಯಲ್ಲಿ ಏನಿದೆ ಎಂದು ದೇವರು ಮೋಶೆಯನ್ನು ಕೇಳಿದ್ದರು. ಅವನ ಕೈಯಲ್ಲಿದ್ದದ್ದು ಕುರಿ ಮೇಯಿಸುವ ಕೋಲು. ನನ್ನ ಹತ್ತಿರ ಇದ್ದದ್ದು ನಾಲ್ಕು ಭಾಷೆ, ನಾಲ್ಕರಲ್ಲೂ ಉಗ್ಗುವ ಒಂದು ನಾಲಗೆ, ಲೈಬ್ರರಿಯಲ್ಲಿ ಕಲಿತ ತಾಳ್ಮೆ. ಗಲ್ಫಿನಲ್ಲಿ ನನ್ನ ಜಾಗಕ್ಕೆ ಬರಲು ಹತ್ತು ಜನ ಇದ್ದರು. ಇಲ್ಲಿಗೆ ಯಾರು ಬರುತ್ತಾರೆ? ಆರು ತಿಂಗಳು ಪ್ರಾರ್ಥನೆ ಮಾಡಿದೆ. ಧ್ವನಿ ಏನೂ ಕೇಳಿಸಲಿಲ್ಲ. ಆದರೆ ಆ ತಾಯಿಯ ಮುಖ ದಿನಾ ಬರುತ್ತಿತ್ತು. ರಾಜೀನಾಮೆ ಕೊಟ್ಟೆ.

ಆ ಮಕ್ಕಳ ಕಷ್ಟ ದೇವರ ಇಚ್ಛೆ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಅದು ಮನುಷ್ಯರು ಸುರಿದ ವಿಷ. ದೇವರ ಇಚ್ಛೆ ಏನು ಎಂದು ಕೇಳಿದರೆ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ ತೋರಿಸುತ್ತೇನೆ. ಕಿವಿ ಕೇಳದ, ಮಾತು ತೊದಲುವ ಒಬ್ಬನನ್ನು ಯೇಸುವಿನ ಹತ್ತಿರ ತರುತ್ತಾರೆ. ಯೇಸು ಮೊದಲು ಮಾಡುವ ಕೆಲಸ ಅವನನ್ನು ಗುಂಪಿನಿಂದ ಆಚೆ ಕರೆದುಕೊಂಡು ಹೋಗುವುದು. ಕಿವಿಯಲ್ಲಿ ಬೆರಳಿಡುತ್ತಾರೆ, ನಾಲಗೆ ಮುಟ್ಟುತ್ತಾರೆ, ಆಕಾಶ ನೋಡಿ ನಿಟ್ಟುಸಿರು ಬಿಡುತ್ತಾರೆ. ಆಮೇಲೆ ‘ಎಫ್ಫಥಾ’, ತೆರೆಯಲಿ ಎನ್ನುತ್ತಾರೆ. ಆ ನಿಟ್ಟುಸಿರು ನನಗೆ ಬಹಳ ದೊಡ್ಡದು. ನಮ್ಮಲ್ಲಿ ಮಗುವಿಗೆ ಜ್ಞಾನಸ್ನಾನ ಕೊಡುವಾಗ ಪಾದ್ರಿಗಳು ಕಿವಿ ಬಾಯಿ ಮುಟ್ಟಿ ಪ್ರಾರ್ಥಿಸುವುದು ಇದೇ ಮಾತಿನಿಂದ. ನನಗೂ ಹಾಗೆ ಮಾಡಿರಬೇಕು, ಅಲ್ವಾ?

ಊರಿಗೆ ಬಂದ ಮೇಲೆ ಮಾಸ್ಟ್ರ ಮನೆಗೆ ಹೋದೆ. ಕಣ್ಣು ಮಂಜಾಗಿತ್ತು. “ಯಾರು?” ಎಂದು ಕೇಳಿದರು. ನನ್ನ ಹೆಸರು ಗ ಅಕ್ಷರದಿಂದ ಶುರುವಾಗುತ್ತದೆ. ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ಅವರ ಹೆಂಡತಿ ಸಹಾಯ ಮಾಡಲು ಬಾಯಿ ತೆರೆದರು. ಮಾಸ್ಟ್ರು ಕೈ ಎತ್ತಿ ತಡೆದರು. ಮೊದಲಿನ ಹಾಗೆಯೇ ಕಾದರು. ಹೆಸರು ಬಂತು. “ಹೂಂ, ಕುಳಿತುಕೋ ಮಗೂ. ಈಗ ಎಷ್ಟು ಮಕ್ಕಳು ಬರ್ತಾರೆ?” ಎಂದರು. ಎರಡು ವರ್ಷದ ನಂತರ ತೀರಿಕೊಂಡರು.

ಹೆಡ್‌ಮಾಸ್ಟ್ರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಪ್ರತಿ ತಿಂಗಳ ಎರಡನೇ ಶನಿವಾರ ಬೆಳಗ್ಗೆ ಹತ್ತು ಗಂಟೆಯಿಂದ ನಾನು ಶಾಲೆಯ ಲೈಬ್ರರಿ ಕೋಣೆಯಲ್ಲಿರುತ್ತೇನೆ. ಮಾತು ತಡವಾಗಿರುವ, ಉಗ್ಗುವ ಮಕ್ಕಳಿದ್ದರೆ ಕರೆದುಕೊಂಡು ಬನ್ನಿ. ಯಾವ ಮತದವರಾದರೂ ಬನ್ನಿ, ಮನೆಯಲ್ಲಿ ಯಾವ ಭಾಷೆ ಇದೆಯೋ ಅದರಲ್ಲೇ ಮಾತಾಡಿ. ದುಡ್ಡು ಕೊಡಬೇಕಾಗಿಲ್ಲ. ಕಪಾಟು ಈಗ ಐದಾಗಿದೆ, ಬೆಂಚು ಹಳೆಯದೇ ಇದೆ. ಮಗು ಹೆಸರು ಹೇಳಲು ಹೊತ್ತು ತೆಗೆದುಕೊಂಡರೆ, ದಯವಿಟ್ಟು ನೀವು ಹೇಳಬೇಡಿ.