ಪೋಲಿಷ್ ಫ್ರೇಮುಗಳು, ಪೆನ್ಸಿಲ್ಲಿನಲ್ಲಿ: ಸದ್ಯದ ವರದಿ

ಹೊಸ ಪೋಲಿಷ್ ಸಿನಿಮಾಗಳ ಫ್ರೇಮುಗಳನ್ನು ನೋಟ್‌ಬುಕ್ಕಿನಲ್ಲಿ ಬಿಡಿಸುವ ಕೆಲಸ ಕುಂಟುತ್ತಲೇ ಸಾಗಿದೆ. ‘ಇಡಾ’ ಮುಗಿಯಿತು, ‘ಕೋಲ್ಡ್ ವಾರ್’ ಅರ್ಧ ಆಗಿದೆ.

‘ಇಡಾ’ದ (2013) ಚೌಕಟ್ಟು ಹಳೇ ಟಿವಿಯ ಹಾಗೆ, 4:3. ಮುಖಗಳು ಕೆಳಗಿನ ಅಂಚಿಗೆ ಒತ್ತಿಕೊಂಡಿರುತ್ತವೆ. ಮೇಲೆಲ್ಲ ಗೋಡೆ, ಆಕಾಶ, ಇಲ್ಲವೇ ಬರೀ ಬೂದು. ಬಿಡಿಸುವಾಗ ಆ ಖಾಲಿ ಜಾಗವೇ ಹೆಚ್ಚು ಹೊತ್ತು ಹಿಡಿಯಿತು: ಪೆನ್ಸಿಲ್ ಒತ್ತಿದರೆ ಭಾರವಾಗುತ್ತದೆ, ಬಿಟ್ಟರೆ ಕಾಗದ ಕಾಣುತ್ತದೆ. ಬಹುಪಾಲು ಕ್ಯಾಮೆರಾ ಕದಲುವುದೇ ಇಲ್ಲ. ಹಾಗಾಗಿ ಕೊನೆಯಲ್ಲಿ ಅದು ಇಡಾಳ ಜೊತೆ ರಸ್ತೆಗಿಳಿದು ಅಲುಗಾಡುತ್ತ ನಡೆದಾಗ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಪಕ್ಕಪಕ್ಕ ಚೌಕ ಹಾಕಿ, ಅಂಚುಗಳನ್ನು ಬೇಕೆಂದೇ ಸೊಟ್ಟ ಮಾಡಿದ್ದೇನೆ.

ಚಿತ್ರೀಕರಣದ ಆರಂಭದಲ್ಲೇ ಛಾಯಾಗ್ರಾಹಕ ರಿಷಾರ್ಡ್ ಲೆಂಚೆವ್‌ಸ್ಕಿ ಹಿಂದೆ ಸರಿದಾಗ ಕೆಲಸ ವಹಿಸಿಕೊಂಡವರು, ಅಲ್ಲಿಯವರೆಗೆ ಕ್ಯಾಮೆರಾ ಆಪರೇಟರ್ ಆಗಿದ್ದ ವುಕಾಶ್ ಝಾಲ್. 2015ರಲ್ಲಿ ಪೋಲೆಂಡಿಗೆ ಮೊದಲ ವಿದೇಶಿ ಭಾಷಾ ಚಿತ್ರದ ಆಸ್ಕರ್ ತಂದದ್ದು ಇದೇ ಚಿತ್ರ.

‘ಕೋಲ್ಡ್ ವಾರ್’ (2018) ಕೂಡ ‘ಇಡಾ’ದ ನಿರ್ದೇಶಕ ಪಾವ್ಲಿಕೋವ್‌ಸ್ಕಿಯದೇ, ಕ್ಯಾಮೆರಾ ಝಾಲ್‌ದೇ, ಚೌಕವೂ ಅದೇ. ಆದರೆ ಖಾಲಿ ಜಾಗದ ಬದಲು ಜನವೋ ಜನ. ಒಂದು ಶಾಟ್‌ನಲ್ಲಿ ನಾಯಕ ವಿಕ್ಟರ್ ದೊಡ್ಡ ಕನ್ನಡಿಗೆ ಬೆನ್ನು ಕೊಟ್ಟು ನಿಂತಿದ್ದಾನೆ. ಹಿಂದೆ ಕಾಣುವ ಗುಂಪು ನಿಜಕ್ಕೂ ಅವನ ಎದುರಿಗಿದೆ. ಅದನ್ನು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು.

ಪೋಲಿಷ್ ಸಿನಿಮಾ ಮತ್ತೆ ಚಿಗುರಿದ್ದಕ್ಕೆ ಎಲ್ಲರೂ ಆ ದೇಶದ ಇತಿಹಾಸದ ನೋವನ್ನೇ ಕಾರಣ ಹೇಳುತ್ತಾರೆ. ನೋವು ಹಿಂದೆಯೂ ಇತ್ತಲ್ಲ! ನನ್ನ ಲೆಕ್ಕದಲ್ಲಿ ಕಾರಣ ದುಡ್ಡು ಮತ್ತು ಕ್ಯಾಮೆರಾ ಪಾಠ. 2005ರ ಕಾಯ್ದೆಯಿಂದ ಪೋಲಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಟಿವಿ ಚಾನೆಲ್, ಚಿತ್ರಮಂದಿರ, ವಿತರಕರು, ಕೇಬಲ್‌ನವರು ಆದಾಯದ 1.5% ಕಟ್ಟಬೇಕು, ಅದು ಸಿನಿಮಾಕ್ಕೇ ಮರಳುತ್ತದೆ. ಪಾಠಕ್ಕೆ 1948ರಿಂದ ವೂಚ್ ಊರಿನ ಫಿಲ್ಮ್ ಸ್ಕೂಲ್ ಇದೆ. ಝಾಲ್ ಅಲ್ಲಿ ಕಲಿತವರೇ.

ಮಿಹಾವ್ ದಿಮೆಕ್ ಕೂಡ ಅಲ್ಲಿಯವರೇ. ಡೆನ್ಮಾರ್ಕಿನ ಹೆಸರಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದ ‘ದ ಗರ್ಲ್ ವಿತ್ ದ ನೀಡಲ್’ಗೆ (2024) ಕ್ಯಾಮೆರಾ ಹಿಡಿದವರು ಇವರು. ಅದೂ ‘ಇಡಾ’, ‘ಕೋಲ್ಡ್ ವಾರ್’ಗಳ ಹಾಗೆ ಕಪ್ಪು-ಬಿಳುಪೇ, ಹಾಗಾಗಿ ಆಮೇಲೆ ನೋಡಿಕೊಳ್ಳೋಣ. ಮೊದಲು ಅವರದೇ ‘ಇಓ’ (2022): ನಿರ್ದೇಶಕ ಸ್ಕೊಲಿಮೊವ್‌ಸ್ಕಿ 84ರ ವಯಸ್ಸಿನಲ್ಲಿ ಕಾನ್ ಚಿತ್ರೋತ್ಸವಕ್ಕೆ ತಂದ ಕತ್ತೆಯ ಕಥೆ. ಅದರ ಕೆಂಪು ಬೆಳಕಿಗೆ ನನ್ನ ಪೆನ್ಸಿಲ್ ಸಾಲದು. ಬಣ್ಣದ ಡಬ್ಬಿ ತರಬೇಕು.