ಮೂರು ಟ್ರಂಪೆಟ್, ಒಂದೇ ಸ್ವರ

ಮಾರ್ಚ್ 12, 2024, ಮಂಗಳವಾರ, ರಾತ್ರಿ

ಇವತ್ತಿಗೆ 81 ವರ್ಷ. 1943ರ ಇದೇ ದಿನ ಅಮೆರಿಕದ ಸಿನ್ಸಿನಾಟಿಯಲ್ಲಿ ಅಲ್ಲಿನ ಸಂಗೀತ ರಚನೆಕಾರ ಏರನ್ ಕೋಪ್ಲಂಡ್ ಅವರ ‘ಫ್ಯಾನ್‌ಫೇರ್ ಫಾರ್ ದ ಕಾಮನ್ ಮ್ಯಾನ್’ (ಜನಸಾಮಾನ್ಯನಿಗೊಂದು ಕಹಳೆ ಮೊಳಗು) ಮೊದಲ ಸಲ ಕೇಳಿಸಿದ್ದು. ಸಂಜೆ ಒಂದು ಧ್ವನಿಮುದ್ರಣ ಹಾಕಿದರೆ ಎರಡು ನಿಮಿಷ ಚಿಲ್ಲರೆಗೇ ಮುಗಿದುಹೋಯಿತು. ಮೂರು ನಿಮಿಷ ಹಿಡಿಯಬೇಕಾದ ಕೃತಿ! ಆ ಅವಸರ ಇನ್ನೂ ಕಿವಿಗೆ ಚುಚ್ಚುತ್ತಿದೆ.

ಬರೆದಿರುವ ನಡೆ ನಿಮಿಷಕ್ಕೆ 52 ಎಣಿಕೆ. ಒಂದೊಂದು ಎಣಿಕೆಗೂ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಬಾಸ್ ಡ್ರಮ್, ನಗಾರಿಯಂಥ ಟಿಂಪನಿ, ದೊಡ್ಡ ಜಾಗಟೆಯಂಥ ಟ್ಯಾಮ್‌ಟ್ಯಾಮ್ ಮೂರೂ ಒಟ್ಟಿಗೆ ಬೀಳುವ ಮೊದಲ ಪೆಟ್ಟು ಪೂರ್ತಿ ಹರಡಲು ಅಷ್ಟು ಜಾಗ ಬೇಕೇ ಬೇಕು. ಟ್ಯಾಮ್‌ಟ್ಯಾಮ್‌ನ ದೊಡ್ಡ ತಟ್ಟೆ ಹೊಡೆದ ಕೂಡಲೇ ಬಾಯಿ ಬಿಡುವುದಿಲ್ಲ. ಮುಂಚೆಯೇ ಮೆತ್ತನೆ ಕೋಲಿನಿಂದ ಯಾರಿಗೂ ಕೇಳದಷ್ಟು ಮೆಲ್ಲಗೆ ಎರಡು ಮೂರು ಸಲ ತಟ್ಟಿ ಅದನ್ನು ಎಬ್ಬಿಸಿಟ್ಟಿರಬೇಕು. ಮರೆತರೆ ಡ್ರಮ್ ಗುಡುಗಿದ ಮೇಲೆ ಅದು ತಡವಾಗಿ ಹಿಂದಿನಿಂದ ಬರುತ್ತದೆ, ಪೆಟ್ಟು ಎರಡಾಗಿ ಒಡೆಯುತ್ತದೆ.

ಆಮೇಲೆ ಟ್ರಂಪೆಟ್. ಮೂರೂ ಒಟ್ಟಿಗೆ ನುಡಿಸುವುದು ಒಂದೇ ಸ್ವರಸಾಲು. ಪಾಶ್ಚಾತ್ಯರ ಬಿ-ಫ್ಲಾಟ್ ಸ್ವರವನ್ನು ಷಡ್ಜ ಅಂದುಕೊಂಡರೆ ಕೆಳಗಿನ ಪ, ಸ, ಮೇಲಿನ ಪ. ಇಷ್ಟು ಸರಳವಾದ್ದರಿಂದಲೇ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಒಬ್ಬರ ಶ್ರುತಿ ಕೂದಲೆಳೆಯಷ್ಟು ಇಳಿದರೂ ಸ್ವರ ನಡುಗುವುದು ಕೊನೇ ಸಾಲಿಗೂ ಕೇಳುತ್ತದೆ. ಲೋಹ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ. ಕಛೇರಿ ಇದರಿಂದಲೇ ಶುರುವಾಗುವುದಾದರೆ, ಡ್ರಮ್ ಬಾರಿಸುತ್ತಿರುವಾಗ ಸದ್ದಿಲ್ಲದೆ ಬಿಸಿಯುಸಿರು ಊದುತ್ತಿರಬೇಕು. ತಾಲೀಮಿನಲ್ಲಿ ಪ್ರತಿ ಸಲವೂ ಪೂರ್ತಿ ಬಲ ಹಾಕಿದರೆ ಸಂಜೆಗೆ ತುಟಿ ಕೈಕೊಡುತ್ತದೆ. ಅರ್ಧ ದನಿಯಲ್ಲಿ ಅಭ್ಯಾಸ ಮಾಡಿ ಒಂದೇ ಒಂದು ಸಲ ಪೂರ್ತಿ ನುಡಿಸಿದರೆ ಸಾಕು.

ನಾಲ್ಕು ಹಾರ್ನ್‌ಗಳದ್ದು ಬೇರೆ ಪಾಡು. ಅವುಗಳ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಹಿಂದೆ ಗಟ್ಟಿ ಗೋಡೆ ಇಲ್ಲದೆ ಪರದೆ ಇದ್ದರೆ ಸದ್ದನ್ನೆಲ್ಲ ಪರದೆಯೇ ನುಂಗಿಬಿಡುತ್ತದೆ. ಮೂರು ಟ್ರಾಂಬೋನ್, ಒಂದು ಟ್ಯೂಬಾ ಸೇರಿದ ಮೇಲೆ ಪರವಾಗಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಸಿನ್ಸಿನಾಟಿ ವಾದ್ಯವೃಂದದ ನಿರ್ದೇಶಕ ಯೂಜೀನ್ ಗೂಸೆನ್ಸ್ ಬರೆಸಿದ್ದು ಒಟ್ಟು 18 ಫ್ಯಾನ್‌ಫೇರ್. ಆಗಿನ ಅಮೆರಿಕದ ಉಪಾಧ್ಯಕ್ಷ ಹೆನ್ರಿ ವಾಲೆಸ್ 1942ರ ಭಾಷಣದಲ್ಲಿ ಇದು ಜನಸಾಮಾನ್ಯರ ಶತಮಾನ ಎಂದಿದ್ದರು. ಕೋಪ್ಲಂಡ್‌ಗೆ ಕೃತಿಯ ಹೆಸರು ಸಿಕ್ಕಿದ್ದು ಅಲ್ಲಿಂದ. ಆಗ ವರಮಾನ ತೆರಿಗೆಗೆ ಕೊನೇ ದಿನ ಮಾರ್ಚ್ 15. ಆ ಹೊತ್ತಿಗೇ ನುಡಿಸೋಣ ಅಂತ ಗೂಸೆನ್ಸ್ ಕೇಳಿದಾಗ ಕೋಪ್ಲಂಡ್ ಸಂತೋಷದಿಂದ ಒಪ್ಪಿದರು. ತೆರಿಗೆ ಕಟ್ಟುವವನಿಗೆ ಕಹಳೆ. ಎಷ್ಟು ದೊಡ್ಡ ಮನಸ್ಸು ಅನ್ನಿಸುತ್ತದೆ.

ಕೋಪ್ಲಂಡ್ ಅವರದೇ 1946ರ ಮೂರನೇ ಸಿಂಫನಿಯ ಕೊನೇ ಭಾಗದಲ್ಲಿ ಇದೇ ಸ್ವರಗಳು ಮತ್ತೆ ಬರುತ್ತವೆ, ಆದರೆ ಮೊದಲು ಎತ್ತಿಕೊಳ್ಳುವುದು ಕೊಳಲುಗಳು, ತೀರಾ ಮೆಲ್ಲಗೆ. ಡ್ರಮ್ಮಿನ ಪೆಟ್ಟಿಲ್ಲದೆಯೂ ಆ ಜಿಗಿತ ಅಷ್ಟೇ ಎತ್ತರ ಕೇಳುತ್ತದೆ ಅಂದರೆ, ಹಾಗಾದರೆ ಬಲ ಇರುವುದು ಸದ್ದಿನಲ್ಲೋ ಅಥವಾ...